ಲೇಶಮಾತ್ರವೂ ಇಲ್ಲ

ಸೆಪ್ಟೆಂಬರ್ 9

ಗುಬ್ಬೀ,

ಈ ಕಾಗದ ನಿನ್ನ ನೀಲಿ ಅಂಗಿಯ ಕಾಲರಿನ ಒಳಗೆ ಸಿಕ್ಕಿದ್ದಕ್ಕೆ ಗಾಬರಿಯಾಗಬೇಡ. ನಾನೇ, ನಿನ್ನ ದೊಡ್ಡಮ್ಮ. ಈ ಕಾಲೇಜಿನಲ್ಲಿ ಪ್ರತಿ ವಿದ್ಯಾರ್ಥಿಗೂ ಒಂದು ಬಟ್ಟೆ ಚೀಲ, ಚೀಲಕ್ಕೊಂದು ನಂಬರ್. ನಿನ್ನದು ಇನ್ನೂರ ಹದಿನಾಲ್ಕು. ಅದು ಬಂದರೆ ಬೇರೆಯವರ ಕೈಗೆ ಹೋಗದ ಹಾಗೆ ನಾನೇ ಎತ್ತಿಕೊಳ್ಳುತ್ತೇನೆ. ಉತ್ತರ ಬರೆದರೆ ಕೊಳೆ ಬಟ್ಟೆಯ ಜೊತೆ ದಿಂಬಿನ ಚೀಲದೊಳಗೆ ಇಡು. ಅಂಗಿಯ ಜೇಬಿನಲ್ಲಿ ಬೇಡ, ಜೇಬು ತಡಕುವುದು ಮೇಲ್ವಿಚಾರಕರ ಕೆಲಸ.

ಮೊನ್ನೆ ಗೇಟಿನಲ್ಲಿ ನಿನ್ನನ್ನು ನೋಡಿ ನಾನು ಮುಖ ತಿರುಗಿಸಿದ್ದಕ್ಕೆ ಬೇಜಾರಾಯಿತೇ? ಮೊದಲೇ ಹೇಳಿದ್ದೆನಲ್ಲ. ಬಸ್ ನಿಲ್ದಾಣದಲ್ಲಿ, “ಇಲ್ಲಿ ನಾನು ನಿನಗೆ ಯಾರೂ ಅಲ್ಲ, ನೀನೂ ನನ್ನನ್ನ ಮಾತಾಡಿಸಬೇಡ” ಎಂದಾಗ ನೀನು “ಸರಿ ದೊಡ್ಡಮ್ಮ” ಎಂದೆ. ಒಂದೇ ಸಲಕ್ಕೆ ಎಂದೆ. ನೀನು ಸ್ವಲ್ಪ ಹಟ ಮಾಡುತ್ತೀಯೇನೋ ಎಂದು ನಾಲ್ಕು ಕಾರಣ ಜೋಡಿಸಿಟ್ಟುಕೊಂಡಿದ್ದೆ. ಅವು ಹಾಗೇ ಉಳಿದುಹೋದವು, ಇಲ್ಲೇ ಹೇಳಿಬಿಡುತ್ತೇನೆ. ಈ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಹದಿಮೂರು ಹೆಂಗಸರೂ ನಮ್ಮ ಬಣ್ಣದವರೇ. ಮೇಲಿನ ಕೋಣೆಗಳಲ್ಲಿ ನಮ್ಮ ಬಣ್ಣದ ಮುಖವನ್ನು ಇಪ್ಪತ್ತೊಂದು ವರ್ಷದಲ್ಲಿ ಬೆರಳೆಣಿಕೆಯಷ್ಟು ನೋಡಿದ್ದೇನೆ. ನೀನು ಅಂಕ ತೆಗೆದು ಬಂದವಳು. ‘ಬಟ್ಟೆ ಒಗೆಯುವವಳ ಮಗಳು’ ಎಂದು ಮೊದಲ ದಿನವೇ ಹೆಸರು ಬಿದ್ದರೆ ನಾಲ್ಕು ವರ್ಷವೂ ಅದೇ ಹೆಸರು. ಉಳಿದ ಮೂರು ಕಾರಣವೂ ಹೆಚ್ಚುಕಡಿಮೆ ಇದೇ.

ನಿನ್ನ ಅಮ್ಮ ಫೋನಿನಲ್ಲಿ “ಅಕ್ಕಾ, ನೀನಿದ್ದೀಯಲ್ಲ ಅಲ್ಲಿ, ಅದೇ ಧೈರ್ಯ” ಎಂದಳು. ಅವಳಿಗೆ ನಮ್ಮ ಈ ಏರ್ಪಾಡು ಹೇಳಬೇಡ.

ನಿನ್ನ
ದೊಡ್ಡಮ್ಮ

*

ಸೆಪ್ಟೆಂಬರ್ 14

ಪ್ರೀತಿಯ ದೊಡ್ಡಮ್ಮ,

ನಿಮ್ಮ ಕಾಗದ ಓದಿ ನಕ್ಕೆ, ಆಮೇಲೆ ಬಾಗಿಲು ಹಾಕಿಕೊಂಡು ಇನ್ನೊಮ್ಮೆ ಓದಿದೆ. ಮುಖ ತಿರುಗಿಸಿದ್ದಕ್ಕೆ ನನಗೆ ಲೇಶಮಾತ್ರವೂ ಬೇಸರವಿಲ್ಲ.

ತರಗತಿಯಲ್ಲಿ ನೂರ ನಲವತ್ತು ಜನ. ನಮ್ಮ ಬಣ್ಣದವರು ನಾನೂ ಸೇರಿ ಮೂವರು. ಉಳಿದ ಇಬ್ಬರು ಹುಡುಗರು, ಒಬ್ಬರನ್ನೊಬ್ಬರು ಕಂಡರೆ ದೂರ ಹೋಗುತ್ತಾರೆ. ನಾನೂ ಹೋಗುತ್ತೇನೆ. ಇಬ್ಬರು ಒಟ್ಟಿಗೆ ನಿಂತರೆ ಎದ್ದು ಕಾಣುತ್ತದೆ, ಒಬ್ಬರೇ ಇದ್ದರೆ ಹೇಗೋ ಕಳೆದುಹೋಗಬಹುದು ಎಂಬ ಲೆಕ್ಕ ಇರಬೇಕು. ಮೊದಲ ದಿನ ಡೀನ್ ಭಾಷಣ ಮಾಡಿ, “ನಮ್ಮಲ್ಲಿ ಎಲ್ಲ ಬಣ್ಣದವರೂ ಇದ್ದಾರೆ, ಅದೇ ನಮ್ಮ ಹೆಮ್ಮೆ” ಎಂದರು. ಇಡೀ ಸಭೆ ನಮ್ಮ ಮೂವರನ್ನು ಹುಡುಕಿ ನೋಡಿತು.

ನನ್ನ ಕೋಣೆಯವಳು ಹಲ್ಲಿನ ಡಾಕ್ಟರ ಮಗಳು. ಒಳ್ಳೆಯವಳೇ. ಮೊದಲ ದಿನ ನನ್ನ ಟವೆಲನ್ನು ಬೇರೆ ಗೂಟಕ್ಕೆ ಹಾಕಿ, “ತಪ್ಪು ತಿಳ್ಕೋಬೇಡ, ನಂಗೆ ಎಲ್ಲರ ಜೊತೆಗೂ ಹೀಗೇನೇ” ಎಂದಳು. ಊಟದ ಮನೆಯಲ್ಲಿ ನಾನು ಕೂತ ಮೇಜು ತುಂಬುವುದು ಕೊನೆಗೆ. ನಾನು ಪುಸ್ತಕ ತೆರೆದಿಟ್ಟುಕೊಂಡು ತಿನ್ನುತ್ತೇನೆ. ಓದುವವಳು ಬೇಕೆಂದೇ ಒಬ್ಬಳೇ ಕೂತಿದ್ದಾಳೆ ಅಂತ ಕಾಣಲಿ ಎಂದು.

ಇಸ್ತ್ರಿ ಚೆನ್ನಾಗಿದೆ. ಅಮ್ಮನ ಕೈ ನೆನಪಾಯಿತು.

ನಿಮ್ಮ
ಗುಬ್ಬಿ

*

ಸೆಪ್ಟೆಂಬರ್ 23

ಗುಬ್ಬೀ,

‘ಲೇಶಮಾತ್ರ’ ಎಂದರೇನೆಂದು ಚೀಟಿ ಬರೆಯುವ ಗುಮಾಸ್ತರನ್ನು ಕೇಳಿ ತಿಳಿದುಕೊಂಡೆ. “ಎಲ್ಲಿ ಸಿಕ್ತಮ್ಮ ನಿನಗೆ ಈ ಪದ?” ಎಂದು ಅವರು ನಕ್ಕರು. ಏಳನೇ ಕ್ಲಾಸಿನವಳಿಗೆ ಇಂಥ ಪದ ಬರೆದರೆ ಹೀಗೇ ಮಾನ ಹೋಗುವುದು.

ಡಾಕ್ಟರ ಮಗಳ ಚೀಲ ಇನ್ನೂರ ಹದಿಮೂರು. ಮೂರು ವರ್ಷದ ಮಗುವಿನ ಹಾಗೆ ಸಾಕ್ಸ್‌ಗಳನ್ನು ಒಂದರೊಳಗೊಂದು ಗಂಟು ಹಾಕಿ ಕಳಿಸುತ್ತಾಳೆ. ಕೆಟ್ಟವಳಾಗಿರಲಾರಳು. ನಿಧಾನಕ್ಕೆ ಸರಿಹೋಗುತ್ತಾಳೆ.

ನನ್ನ ಪಕ್ಕದ ತೊಟ್ಟಿಯಲ್ಲಿ ಗಂಜಿ ಅಕ್ಕ ಇರುತ್ತಾಳೆ. ಕಾಲರಿಗೆ, ಮೇಜುಬಟ್ಟೆಗೆ ಗಂಜಿ ಹಾಕುವವಳು, ಅದಕ್ಕೇ ಆ ಹೆಸರು. ನಾನು ಕೆಲಸಕ್ಕೆ ಸೇರಿದ ವಾರ ನನ್ನ ಕೈ ಸೋಡಾಕ್ಕೆ ಸುಲಿದುಹೋದಾಗ ತನ್ನ ಪಾಲಿನ ಜೊತೆ ನನ್ನ ಪಾಲನ್ನೂ ಒಗೆದವಳು. ಅವಳಿಗೂ ನಿನ್ನ ವಿಷಯ ಹೇಳಿಲ್ಲ. ತಂಗಿಯ ಮಗಳು ಎಲ್ಲೋ ಓದುತ್ತಿದ್ದಾಳೆ ಎಂದಷ್ಟೇ ಹೇಳಿದ್ದೇನೆ. ಅವಳ ಹತ್ತಿರ ನಾನು ಮುಚ್ಚಿಟ್ಟಿದ್ದು ಇದೊಂದೇ.

ಹೊಟ್ಟೆ ತುಂಬ ತಿನ್ನು. ಪುಸ್ತಕ ಎಲ್ಲಿಗೂ ಓಡಿಹೋಗುವುದಿಲ್ಲ.

ದೊಡ್ಡಮ್ಮ

*

ನವೆಂಬರ್ 27

ಪ್ರೀತಿಯ ದೊಡ್ಡಮ್ಮ,

ಎರಡು ತಿಂಗಳು ಬರೆಯಲಿಲ್ಲ. ಕೋಪ ಬೇಡ. ಈಗ ನನಗೂ ಒಂದು ಗುಂಪು ಸಿಕ್ಕಿದೆ. ಡಾಕ್ಟರ ಮಗಳಿಗೆ ಅಂಕಿಅಂಶದ ಪಾಠ ಹೇಳಿಕೊಟ್ಟೆ, ಅವಳು ಪಾಸಾದಳು. ಆಮೇಲೆ ಊಟಕ್ಕೆ ಕರೆಯತೊಡಗಿದಳು. ಆರು ಜನ ಇದ್ದೇವೆ. ಟವೆಲ್ಲು ಈಗ ಒಂದೇ ಗೂಟದಲ್ಲಿ.

ಅವರು ತಮಾಷೆ ಮಾಡುತ್ತಾರೆ. ದೀಪ ಹೋದರೆ “ಎಲ್ಲಿದ್ದೀಯೇ, ಹಲ್ಲಾದ್ರೂ ತೋರಿಸು” ಎನ್ನುತ್ತಾರೆ. ಮೊದಲು ಚುಚ್ಚುತ್ತಿತ್ತು. ಈಗ ಅವರಿಗಿಂತ ಮೊದಲೇ ನಾನು ಹೇಳಿಬಿಡುತ್ತೇನೆ, ಅವರಿಗಿಂತ ಜೋರಾಗಿ ನಗುತ್ತೇನೆ. ಹಾಗೆ ಮಾಡಿದರೆ ಬೇಗ ಮುಗಿಯುತ್ತದೆ.

ದೊಡ್ಡಮ್ಮ, ಒಂದು ವಿಷಯ ಹೇಳಬೇಕು. ಮಂಗಳವಾರ ನೀವು ಬಟ್ಟೆಯ ಗಾಡಿ ತಳ್ಳಿಕೊಂಡು ಗ್ರಂಥಾಲಯದ ಮುಂದೆ ಬಂದಾಗ ನಾವು ಮೆಟ್ಟಿಲ ಮೇಲಿದ್ದೆವು. ನೀವು ನಿಂತು ನೋಡಿದಿರಿ. ಡಾಕ್ಟರ ಮಗಳು “ಅವಳು ನಿನ್ನನ್ನೇ ನೋಡ್ತಿದ್ದಾಳೆ, ನಿಂಗೆ ಗೊತ್ತಾ?” ಎಂದಳು. ನಾನು “ಇಲ್ಲಪ್ಪ, ನಂಗೆ ಹೇಗೆ ಗೊತ್ತಿರತ್ತೆ” ಎಂದೆ. ನಿಮಗೆ ಕೇಳಿಸಿತೋ ಇಲ್ಲವೋ.

ಗುಬ್ಬಿ

*

ನವೆಂಬರ್ 30

ಗುಬ್ಬೀ,

ಗಾಡಿಯ ಚಕ್ರ ಕಿರುಗುಟ್ಟುತ್ತದೆ, ನನಗೇನೂ ಕೇಳಿಸಲಿಲ್ಲ. ನೀನು ಹೇಳಿದ್ದೇ ಸರಿ. ನಿಂತು ನೋಡಿದ್ದು ನನ್ನ ತಪ್ಪು. ನೀನು ನಗುತ್ತಿದ್ದೆ, ಅದಕ್ಕೆ ನಿಂತೆ. ಇನ್ನು ಆ ದಾರಿಯಲ್ಲಿ ಬರುವುದಿಲ್ಲ, ಹಿಂದಿನಿಂದಲೂ ಒಂದು ದಾರಿ ಇದೆ.

ಬಿಳಿ ಅಂಗಿಯ ಗುಂಡಿ ಸಡಿಲವಾಗಿತ್ತು, ಹಾಕಿದ್ದೇನೆ.

ದೊಡ್ಡಮ್ಮ

*

ಫೆಬ್ರುವರಿ 3

ಗುಬ್ಬೀ,

ಕೂಡಲೇ ಉತ್ತರ ಬರೆ.

ಇವತ್ತು ಬೆಳಿಗ್ಗೆ ನಿಮ್ಮ ಹಾಸ್ಟೆಲಿನ ಚೀಲಗಳನ್ನು ಸುರಿದಾಗ ಬಟ್ಟೆಯಲ್ಲೆಲ್ಲ ಕಪ್ಪು ಮೆತ್ತಿತ್ತು. ಷೂ ಪಾಲಿಷ್ ಇರಬೇಕು ಅಂದುಕೊಂಡೆವು. ಗಂಜಿ ಅಕ್ಕ ಬೆರಳಲ್ಲಿ ಉಜ್ಜಿ ಮೂಸಿ, “ಅಲ್ಲ ಕಣೇ, ಇದು ಮುಖಕ್ಕೆ ಬಳಿಯೋ ಬಣ್ಣ” ಎಂದಳು. ಶುಕ್ರವಾರ ಹಗ್ಗದಿಂದ ಕಾಣೆಯಾಗಿದ್ದ ನಮ್ಮ ಎಂಟು ಏಪ್ರನ್‌ಗಳೂ ತಲೆಬಟ್ಟೆಗಳೂ ಆ ಚೀಲಗಳಲ್ಲೇ ಸಿಕ್ಕವು. ಒಂದು ಬಿಳಿ ಟವೆಲಿನಲ್ಲಿ ಇಡೀ ಮುಖವೇ ಅಚ್ಚೊತ್ತಿತ್ತು. ಕಣ್ಣಿನ ಜಾಗ ಎರಡು ಖಾಲಿ, ಬಾಯಿಯ ಜಾಗ ಅಗಲವಾಗಿ ಕೆಂಪು. ಗಂಜಿ ಅಕ್ಕ ಅದನ್ನು ಮೇಜಿನ ಮೇಲೆ ಹರವಿ ಬಹಳ ಹೊತ್ತು ನೋಡಿ, “ಇದು ನಾನೇನೇ?” ಎಂದು ಕೇಳಿದಳು.

ಆಮೇಲೆ “ಇದನ್ನ ನಾನು ಒಗಿಯಲ್ಲ” ಎಂದಳು. ಹಾಗೇ ಮಡಿಸಿ ಮೇಲ್ವಿಚಾರಕರ ಮೇಜಿನ ಮೇಲೆ ಇಟ್ಟಳು. ಅವಳ ಹಿಂದೆ ಇನ್ನೂ ಮೂವರು ಇಟ್ಟರು. ನಾನೂ ಇಟ್ಟೆ.

ಆದರೆ ಅದಕ್ಕೂ ಮೊದಲು ನಿನ್ನ ಚೀಲ ಬಿಚ್ಚಿದ್ದೆ. ನಿನ್ನ ಬಿಳಿ ಅಂಗಿಯ ಬೆನ್ನ ಮೇಲೆ, ಬಲಭುಜದ ಹತ್ತಿರ, ಐದು ಬೆರಳು ಕಪ್ಪಗೆ ಮೂಡಿದ್ದವು. ಯಾರು ಮಗಳೇ ನಿನ್ನನ್ನು ಹಿಡಿದದ್ದು? ಎಳೆದರೇ? ಹೊಡೆದರೇ? ಬೇರೆಯವರು ನೋಡುವ ಮೊದಲೇ ಮೂರು ಸಲ ಒಗೆದು ತೆಗೆದಿದ್ದೇನೆ. ನಿನ್ನ ಮೇಲೆ ಕೈ ಮಾಡಿದವರ ಹೆಸರು ಹೇಳು. ಗುರುತಿಲ್ಲದವರ ಹಾಗಿರುವ ಏರ್ಪಾಡೆಲ್ಲ ಹಾಳಾಗಿ ಹೋಗಲಿ, ನಾನೇ ಮೇಲೆ ಬಂದು ಕೇಳುತ್ತೇನೆ.

ದೊಡ್ಡಮ್ಮ

*

ಫೆಬ್ರುವರಿ 5

ದೊಡ್ಡಮ್ಮ,

ನನಗೆ ಏನೂ ಆಗಿಲ್ಲ. ಯಾರೂ ಹೊಡೆದಿಲ್ಲ. ಅದೊಂದು ವೇಷದ ಪಾರ್ಟಿ, ಶನಿವಾರ ಮಧ್ಯಾಹ್ನ. ಯಾರೋ ಫೋಟೋ ತೆಗೆಯುವಾಗ ಹೆಗಲ ಮೇಲೆ ಕೈ ಹಾಕಿದ್ದರು, ಅಷ್ಟೇ.

ನೀವು ದಯವಿಟ್ಟು ಇದರಲ್ಲಿ ಸೇರಿಕೊಳ್ಳಬೇಡಿ. ಬಟ್ಟೆ ಒಗೆದುಬಿಡಿ. ನಿಮ್ಮ ಗಂಜಿ ಅಕ್ಕನಿಗೂ ಹೇಳಿ. ಎಲ್ಲರೂ ಮರೆಯುತ್ತಾರೆ.

ಗುಬ್ಬಿ

*

ಫೆಬ್ರುವರಿ 19

ಗುಬ್ಬೀ,

ಇನ್ನು ಮುಂದೆ ಕಾಲರಿನೊಳಗೆ ಕಾಗದ ಹುಡುಕಬೇಡ. ಇದು ಕೊನೆಯದು.

ನಿನ್ನೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಡೀನ್ ನೆಲಮಾಳಿಗೆಗೆ ಇಳಿದು ಬಂದದ್ದು ನಾನು ನೋಡಿದ್ದು ಇದೇ ಮೊದಲು. ಹಬೆಗೆ ಅವರ ಕನ್ನಡಕ ಮಸುಕಾಗಿ, ಒರೆಸಿ ಒರೆಸಿ ಮಾತಾಡಿದರು. “ಮಕ್ಕಳಾಟ ಅದು. ನೋವಾಗೋ ಹಂಗೆ ಯಾರೂ ಮಾಡಿಲ್ಲ. ನಾನು ಹೇಳೋದಲ್ಲ, ನಿಮ್ಮ ಬಣ್ಣದವಳೇ ಒಬ್ಬ ವಿದ್ಯಾರ್ಥಿನಿ ಅಲ್ಲೇ ಇದ್ದಳು, ಬರೆದು ಕೊಟ್ಟಿದ್ದಾಳೆ” ಎಂದರು. ಹೆಸರು ಹೇಳಲಿಲ್ಲ. ಮೇಲ್ವಿಚಾರಕರು ಓದಿದರು. ‘ನಾನು ಆ ಕೂಟದಲ್ಲಿ ಸಂತೋಷದಿಂದ ಭಾಗವಹಿಸಿದ್ದೆ. ಅದರಿಂದ ನನಗೆ ಲೇಶಮಾತ್ರವೂ ನೋವಾಗಿಲ್ಲ.’

ಆ ಪದ ನನಗೆ ಈಗ ಅರ್ಥವಾಗುತ್ತದೆ.

ಗಂಜಿ ಅಕ್ಕ “ಯಾವ ಹುಡುಗಿ? ಒಂದ್ಸಲ ಮುಖ ತೋರಿಸಿ, ನಾನೇ ಕೇಳ್ತೀನಿ” ಎಂದಳು. ತೋರಿಸಲಿಲ್ಲ. ಬಟ್ಟೆ ಒಗೆಯಲು ಒಪ್ಪುವವರು ಎಡಕ್ಕೆ ನಿಲ್ಲಿ ಎಂದರು. ಎಂಟು ಜನ ಎಡಕ್ಕೆ ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಮನೆಯಲ್ಲಿ ಮಕ್ಕಳಿವೆ. ನಾವು ಐವರು ಇದ್ದಲ್ಲೇ ಇದ್ದೆವು. ಐವರಿಗೂ ಇವತ್ತಿಗೆ ಕೆಲಸ ಮುಗಿಯಿತು.

ಇನ್ನೂರ ಹದಿನಾಲ್ಕನ್ನು ಒಗೆದು, ಇಸ್ತ್ರಿ ಮಾಡಿ ಇಟ್ಟಿದ್ದೇನೆ.

ದೊಡ್ಡಮ್ಮ

*

ಮಾರ್ಚ್ 12

ದೊಡ್ಡಮ್ಮ,

ಅಮ್ಮನಿಂದ ನಿಮ್ಮ ಮನೆಯ ವಿಳಾಸ ತೆಗೆದುಕೊಂಡೆ. ಇದು ಅಂಚೆಗೆ ಹಾಕುತ್ತಿರುವ ಮೂರನೇ ಪತ್ರ. ಅಮ್ಮನಿಗೆ ನೀವು ಏನೂ ಹೇಳಿಲ್ಲವೆಂದು ಗೊತ್ತಾಯಿತು. “ಅಕ್ಕ ಬೇರೆ ಕೆಲಸ ಹಿಡಿದಳಂತೆ, ಸೊಂಟ ನೋವಂತೆ” ಎಂದಳು. ಒಂದು ಸಾಲು ಬರೆಯಿರಿ. ಬೈದಾದರೂ ಬರೆಯಿರಿ.

ಗುಬ್ಬಿ

*

ಏಪ್ರಿಲ್ 2

ದೊಡ್ಡಮ್ಮ,

ನೀವು ಉತ್ತರ ಬರೆಯುವುದಿಲ್ಲ ಎಂದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಪಾರ್ಟಿಗೆ ಅವರು ಇಟ್ಟ ಹೆಸರು ‘ಕೆಲಸದವರ ದಿನ’. ಒಬ್ಬಳು ತೋಟದವನು, ಒಬ್ಬಳು ಕಾವಲುಗಾರ, ಉಳಿದವರೆಲ್ಲ ಬಟ್ಟೆ ಒಗೆಯುವವರು. ಏಪ್ರನ್ ಕದ್ದು ತಂದಾಗ ನಾನು ಕೋಣೆಯಲ್ಲೇ ಇದ್ದೆ. ಡಾಕ್ಟರ ಮಗಳು ಕನ್ನಡಿಯ ಮುಂದೆ ಬಣ್ಣ ಬಳಿದುಕೊಳ್ಳುತ್ತ, “ನಿಂಗೆ ಖರ್ಚೇ ಇಲ್ಲ ನೋಡು, ಹಾಗೇ ಬಂದ್ರೆ ಸಾಕು” ಎಂದಳು. ಎಲ್ಲರೂ ನನ್ನ ಮುಖ ನೋಡಿದರು. ನಾನು ನಕ್ಕೆ. ಆಮೇಲೆ ಅವರೂ ನಕ್ಕರು.

ಹೋಗದೆ ಇರಬಹುದಿತ್ತು. ತಲೆನೋವು ಎನ್ನಬಹುದಿತ್ತು. ಆದರೆ ಹೋಗದಿದ್ದರೆ ಮತ್ತೆ ಊಟದ ಮನೆಯಲ್ಲಿ ಪುಸ್ತಕ ತೆರೆದು ಕೂರಬೇಕು. ಹೋದೆ.

ಟೆನಿಸ್ ಆಡುವ ಹುಡುಗಿ ಒಬ್ಬಳು ನಿಮ್ಮ ವೇಷ ಹಾಕಿದ್ದಳು. ನೀವು ಯಾರೆಂದು ಅವಳಿಗೆ ಗೊತ್ತಿಲ್ಲ. ‘ಗಾಡಿಯವಳು’ ಎಂದರು. ತುಟಿ ಅಲ್ಲಾಡಿಸುತ್ತ ಅಂಗಿ ಎಣಿಸಿದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ನನ್ನ ಕಡೆ ತಿರುಗಿ, “ಸರಿಯಾಗಿದ್ಯಾ?” ಎಂದು ಕೇಳಿದಳು. ನಾನು ಹೇಳಿದೆ, “ಅಷ್ಟು ನೆಟ್ಟಗೆ ನಿಲ್ಲಲ್ಲ ಅವಳು. ಎಡಗೈಲಿ ಸೊಂಟ ಹಿಡ್ಕೋತಾಳೆ.”

ಹೀಗೆ ಹೇಳಿದ್ದು ನಾನೇ ದೊಡ್ಡಮ್ಮ. ಬೇರೆ ಯಾರೂ ಅಲ್ಲ. ಅವಳು ಹಾಗೇ ಹಿಡಿದುಕೊಂಡು ತೋರಿಸಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು, ಯಾರೋ ನನ್ನ ಹೆಗಲ ಮೇಲೆ ಕೈ ಹಾಕಿ “ಇವಳು ನಮ್ಮವಳು” ಎಂದರು. ನೀವು ಮೂರು ಸಲ ಒಗೆದ ಗುರುತು ಅದು.

ನೀವು ಬಟ್ಟೆ ಒಗೆಯಲ್ಲ ಎಂದ ಮೇಲೆ ಡೀನ್ ಕರೆಸಿದರು. ಕೂರಿಸಿದರು, ಕುಡಿಯಲು ನೀರು ಕೊಟ್ಟರು. “ನಿನ್ನ ವಿದ್ಯಾರ್ಥಿವೇತನ ಬೇಸಿಗೆಗೆ ಮರುಪರಿಶೀಲನೆಗೆ ಬರತ್ತೆ ಅಲ್ವಾ?” ಎಂದು ಬೇರೇನನ್ನೋ ಕೇಳುವ ಹಾಗೆ ಕೇಳಿದರು. ಹೆದರಿಸಲಿಲ್ಲ. ಹೆದರಿಸಿದ್ದರೆ ಚೆನ್ನಾಗಿತ್ತು, ಈಗ ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು. ಖಾಲಿ ಹಾಳೆ ಮುಂದಿಟ್ಟು “ನಿನ್ನ ಮಾತಲ್ಲೇ ಬರಿ” ಎಂದರು. ನನ್ನ ಮಾತಲ್ಲೇ ಬರೆದೆ. ಐವರ ಕೆಲಸ ಹೋಗುತ್ತದೆ ಎಂದು ಗೊತ್ತಿರಲಿಲ್ಲ. ಒಗೆಯಲ್ಲ ಎಂದವರಲ್ಲಿ ನೀವೂ ಇದ್ದೀರಿ ಎಂದು ಗೊತ್ತಿತ್ತು, ನಿಮ್ಮ ಕಾಗದ ನನ್ನ ದಿಂಬಿನ ಕೆಳಗೇ ಇತ್ತು.

ಮೊನ್ನೆ ಡೀನ್ ಹತ್ತಿರ ಹೋಗಿ ಆ ಕಾಗದ ವಾಪಸ್ ಕೊಡಿ ಎಂದೆ. “ಅದು ಮುಗಿದ ವಿಷಯಮ್ಮ, ಫೈಲ್ ಮುಚ್ಚಿಯಾಗಿದೆ” ಎಂದರು. ಸಂಜೆಗೆ ಗುಂಪಿನವರಿಗೆಲ್ಲ ಸುದ್ದಿ ಮುಟ್ಟಿತ್ತು. ಡಾಕ್ಟರ ಮಗಳು ಟವೆಲ್ ತೆಗೆದಳು. ಈಗ ಒಬ್ಬಳೇ ಊಟ ಮಾಡುತ್ತೇನೆ. ಇದನ್ನು ನಿಮ್ಮ ಕರುಣೆಗಾಗಿ ಬರೆಯುತ್ತಿಲ್ಲ.

ನಿಮ್ಮನ್ನು ನೋಡಬೇಕು. ಬರಲೇ?

ಗುಬ್ಬಿ

*

ಏಪ್ರಿಲ್ 14

ಗುಬ್ಬೀ,

ಪತ್ರಗಳೆಲ್ಲ ಬಂದಿವೆ. ಮೊದಲ ಮೂರನ್ನು ಒಡೆದಿರಲಿಲ್ಲ. ನಾಲ್ಕನೆಯದು ದಪ್ಪವಿತ್ತು, ಒಡೆದೆ.

ನನಗೆ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೆಲಸ ಸಿಕ್ಕಿದೆ. ಹಾಳೆ, ಹೊದಿಕೆ, ಡಾಕ್ಟರ ನಿಲುವಂಗಿ. ಇಲ್ಲಿ ಕಲೆ ಎಂದರೆ ರಕ್ತ, ತಣ್ಣೀರಿಗೆ ಹೋಗುತ್ತದೆ. ಸೊಂಟಕ್ಕೆ ಈಗ ಪಟ್ಟಿ ಕಟ್ಟಿಕೊಳ್ಳುತ್ತೇನೆ.

ನಿನ್ನನ್ನು ಬೈಯಬೇಕೆಂದು ಎರಡು ಸಲ ಕೂತೆ. ಬೈಗುಳ ಹುಡುಕುತ್ತ ಹೋದರೆ ಬಸ್ ನಿಲ್ದಾಣಕ್ಕೆ ಹೋಗಿ ನಿಲ್ಲುತ್ತೇನೆ. ‘ಇವಳು ಯಾರೋ ಗೊತ್ತಿಲ್ಲ’ ಎನ್ನುವುದನ್ನು ನಿನಗೆ ಹೇಳಿಕೊಟ್ಟವಳು ನಾನು. ನೀನು ಯಾವತ್ತೂ ಪಾಠ ಬೇಗ ಕಲಿಯುವವಳು.

ಗಂಜಿ ಅಕ್ಕನಿಗೆ ಎಲ್ಲೂ ಕೆಲಸ ಸಿಗಲಿಲ್ಲ. ಅರವತ್ತೊಂದು ವಯಸ್ಸು, ಮೇಲಾಗಿ ‘ಒಗೆಯಲ್ಲ ಅಂದವಳು’ ಎಂಬ ಹೆಸರು. ಮಗಳ ಮನೆಯಲ್ಲಿ ಇದ್ದಾಳೆ. ಅಳಿಯ ಒಳ್ಳೆಯವನೇ, ಆದರೆ ಮನೆ ಚಿಕ್ಕದು, ಇವಳು ಮಲಗುವುದು ಅಡುಗೆ ಮನೆಯಲ್ಲಿ. ಗುರುವಾರ ನನಗೆ ಮಧ್ಯಾಹ್ನದ ಪಾಳಿ, ಪ್ರತಿ ಗುರುವಾರ ಬೆಳಿಗ್ಗೆ ನನ್ನ ಕೋಣೆಗೆ ಬಂದು ಮಧ್ಯಾಹ್ನದ ತನಕ ಕೂರುತ್ತಾಳೆ. ಪ್ರತಿ ಸಲ ಕೇಳುತ್ತಾಳೆ, “ಯಾವಳಿರಬಹುದೇ ಆ ಹುಡುಗಿ? ಅವಳಿಗೂ ತಾಯಿ ಅಂತ ಒಬ್ಬಳು ಇರ್ತಾಳಲ್ಲ?” ನಾನು “ಯಾರಿಗೆ ಗೊತ್ತು” ಎನ್ನುತ್ತೇನೆ. ಎರಡು ತಿಂಗಳಿಂದ ಹಾಗೇ ಎನ್ನುತ್ತಿದ್ದೇನೆ.

ಬರುವುದಾದರೆ ಗುರುವಾರ ಬಾ. ಅವಳು ಇದ್ದಾಗ ಬಾ. ನನಗೆ ಹೇಳಲು ಬಾಯಿ ಬರುತ್ತಿಲ್ಲ. ನೀನು ಹೇಳುವುದಾದರೆ ಬಾ.

ದೊಡ್ಡಮ್ಮ

*

ಏಪ್ರಿಲ್ 20

ದೊಡ್ಡಮ್ಮ,

ಗುರುವಾರ ಹನ್ನೊಂದರ ಬಸ್ಸಿಗೆ ಬರುತ್ತೇನೆ. ಹೇಳುತ್ತೇನೆ.

ಗುಬ್ಬಿ

*

ಮೇ 19

ಗುಬ್ಬೀ,

‘ಗಂಜಿ ಅಕ್ಕ ನನ್ನನ್ನು ಕ್ಷಮಿಸಿದರೇ’ ಎಂದು ಎರಡು ಪತ್ರದಲ್ಲಿ ಕೇಳಿದ್ದೀಯ. ನೀನು ಹೋದ ಮೇಲೆ ನಡೆದದ್ದನ್ನು ಹೇಳುತ್ತೇನೆ, ನಿನಗೆ ಗೊತ್ತಿರಬೇಕು.

ನೀನಿದ್ದಾಗ ಅವಳು ಮಾತಾಡಿದ್ದು ಅಷ್ಟೇ ಅಲ್ಲವೇ. ಪೂರ್ತಿ ಕೇಳಿದಳು, “ನೀರು ಕುಡಿ ಮಗಾ” ಎಂದಳು, ನಿನ್ನ ಬಸ್ಸಿಗೆ ಹೊತ್ತಾಯಿತು ಎಂದು ಅವಳೇ ನೆನಪಿಸಿದಳು. ನೀನು ಮೆಟ್ಟಿಲಿಳಿದ ಮೇಲೆ ನಾನು ಉಳಿದದ್ದನ್ನೂ ಹೇಳಿಬಿಟ್ಟೆ. ನಿನ್ನ ಅಂಗಿಯ ಕಲೆ ತೆಗೆದದ್ದು ಹೇಳಿದೆ. ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದವಳು ನಿಂತಳು.

“ಹುಡುಗಿ ಮೇಲೆ ನಂಗೇನೂ ಇಲ್ಲ ಕಣೇ. ಅವಳಿಗೆ ಹತ್ತೊಂಬತ್ತು. ಆ ವಯಸ್ಸಲ್ಲಿ ನಾನೂ ಯಾರ್ಯಾರ ಮುಂದೆ ಏನೇನಕ್ಕೆ ನಕ್ಕಿದ್ದೀನೋ” ಎಂದಳು.

ನನಗೆ ಎದೆ ಹಗುರಾಯಿತು. ಅವಳು ಮುಗಿಸಿರಲಿಲ್ಲ.

“ಆದ್ರೆ ನೀನು? ನಾನು ಆ ಟವೆಲ್ ಹರವಿಕೊಂಡು ನಿಂತಿದ್ದಾಗ, ನೀನು ನನ್ನ ಬೆನ್ನ ಹಿಂದೆ ನಿಂತು ಅದೇ ಬಣ್ಣ ತೊಳೀತಾ ಇದ್ದೆ. ಎರಡು ತಿಂಗಳು ನನ್ನ ಎದುರಿಗೆ ಕೂತು ‘ಯಾರಿಗೆ ಗೊತ್ತು’ ಅಂದೆ. ನಾನು ಹುಚ್ಚಿ ಹಂಗೆ ಕೇಳ್ತಾನೇ ಇದ್ದೆ.”

“ಮಗಳು ಕಣೇ, ಏನು ಮಾಡಲಿ” ಎಂದೆ.

“ಗೊತ್ತು. ನಂಗೂ ಮಗಳಿದ್ದಾಳೆ” ಎಂದಳು. ಜಗಳ ಆಡಲಿಲ್ಲ, ಗಂಟಲು ಏರಿಸಲಿಲ್ಲ. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದಳು.

ಮುಂದಿನ ಗುರುವಾರ ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಇವತ್ತು ಆಸ್ಪತ್ರೆಗೆ ಅರ್ಧ ದಿನ ರಜೆ ಹಾಕಿ ನಾನೇ ಹೋದೆ. ಅವಳ ಮಗಳು ಬಾಗಿಲು ತೆಗೆದಳು, ಕೈ ಚೌಕಟ್ಟಿನ ಮೇಲೇ ಇತ್ತು. “ಅಮ್ಮ ಮನೇಲಿಲ್ಲ” ಎಂದಳು. ಹೇಳುವಾಗ ಪಾಪ ಕಣ್ಣು ನೆಲಕ್ಕೆ ಇಳಿಸಿದಳು. ಅಷ್ಟರಲ್ಲಿ ಒಳಗೆ ಅಡುಗೆ ಮನೆಯಲ್ಲಿ ಯಾರೋ ಕೆಮ್ಮಿದರು. ಇಪ್ಪತ್ತೊಂದು ವರ್ಷ ಒಂದೇ ಹಬೆಯಲ್ಲಿ ಪಕ್ಕಪಕ್ಕ ನಿಂತವಳು ನಾನು, ನೂರು ಜನರ ನಡುವೆ ಆ ಕೆಮ್ಮನ್ನು ಗುರುತಿಸಬಲ್ಲೆ.

“ಬಂದಿದ್ದೆ ಅಂತ ಹೇಳಮ್ಮ” ಎಂದೆ. ಒಳಗೂ ಕೇಳಿಸುವಷ್ಟು ಜೋರಾಗಿ ಹೇಳಿದೆ. ಸ್ವಲ್ಪ ಹೊತ್ತು ನಿಂತೆ. ಒಳಗೆ ಪಾತ್ರೆ ಒಂದನ್ನು ಎತ್ತಿಟ್ಟ ಸದ್ದಾಯಿತು. ಆಮೇಲೆ ಅದೂ ಇಲ್ಲ. ವಾಪಸ್ ಬಂದೆ.

ನೀನು ಮತ್ತೆ ಬರುವುದು ಬೇಡ, ಅವಳನ್ನು ಹುಡುಕಿಕೊಂಡು ಹೋಗುವುದೂ ಬೇಡ. ಇದು ನಮ್ಮಿಬ್ಬರ ಮಧ್ಯದ್ದು. ನಿನ್ನ ಪರೀಕ್ಷೆ ಹತ್ತಿರ ಬಂತು, ಚೆನ್ನಾಗಿ ಬರೆ. ನಾನು ಮುಂದಿನ ಗುರುವಾರವೂ ಹೋಗುತ್ತೇನೆ.

ನಿನ್ನ
ದೊಡ್ಡಮ್ಮ